ನೀರಿಗೆ ಮಲ ಸೇರದಂತೆ ಊರಿನ ನಿಯಮ ಬರೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

"ನೀರಿನ ಮೂಲಗಳನ್ನು ಯಾರೂ ಮಲಿನಗೊಳಿಸತಕ್ಕದ್ದಲ್ಲ." ಇಂಥ ಒಂದು ಸಾಲು ನಿಮ್ಮ ಊರಿನ ನಿಯಮಗಳಲ್ಲೂ ಎಲ್ಲೋ ಇರಬಹುದು. ಓದಿದರೆ ತಪ್ಪೇನೂ ಕಾಣುವುದಿಲ್ಲ. ಆದರೆ ಈ ಸಾಲು ಹಿಡಿದುಕೊಂಡು ತಪಾಸಣೆಗೆ ಹೊರಟವರು ಏನನ್ನು ನೋಡಬೇಕು? ಎಲ್ಲಿಂದ ಎಲ್ಲಿಗೆ ಅಳೆಯಬೇಕು? ಯಾರ ಮನೆ ಬಾಗಿಲು ತಟ್ಟಬೇಕು? ಒಂದಕ್ಕೂ ಉತ್ತರ ಇಲ್ಲ. ಹೀಗಾಗಿ ಆ ಸಾಲು ಪುಸ್ತಕದಲ್ಲೇ ಉಳಿಯುತ್ತದೆ, ಮಲ ನೀರಿಗೆ ಸೇರುತ್ತಲೇ ಇರುತ್ತದೆ.

ಸ್ಥಳೀಯ ಸಂಸ್ಥೆ, ನೀರು ಸಮಿತಿ, ಬಡಾವಣೆಯ ಸಂಘ, ಎಲ್ಲೇ ಆಗಲಿ, ಇಂಥ ನಿಯಮ ಬರೆಯಲು ಕೂತವರಿಗಾಗಿ ಇದನ್ನು ಬರೆದಿದ್ದೇನೆ. ನಾನು ಮುಖ್ಯ ಅಂದುಕೊಂಡಿರುವುದು ಒಂದೇ: ಪ್ರತಿ ನಿಯಮದಲ್ಲೂ ಯಾರು, ಏನು, ಎಷ್ಟು ದೂರ ಅಥವಾ ಎಷ್ಟು ದಿನಕ್ಕೊಮ್ಮೆ, ಅದನ್ನು ನೋಡುವವರು ಯಾರು ಅನ್ನುವುದು ಇರಬೇಕು. ಒಂದು ಬಿಟ್ಟರೂ ಆ ನಿಯಮ ಕೆಲಸ ಮಾಡುವುದಿಲ್ಲ.

ಮೊದಲು ಒಂದು ಊರಿನ ಕಥೆ

ಕೆನಡಾದ ಆಂಟೇರಿಯೊ ಪ್ರಾಂತ್ಯದಲ್ಲಿ ವಾಕರ್ಟನ್ ಅನ್ನುವ ಸಣ್ಣ ಊರಿದೆ. 2000ನೇ ಇಸವಿಯ ಮೇ ತಿಂಗಳಲ್ಲಿ ಅಲ್ಲಿ ಕೆಲವು ದಿನ ಬಿಡದೆ ಮಳೆ ಸುರಿಯಿತು. ಊರಿಗೆ ನೀರು ಕೊಡುತ್ತಿದ್ದ ಒಂದು ಬಾವಿ ಜಾಸ್ತಿ ಆಳದ್ದಲ್ಲ. ಹತ್ತಿರದ ಹೊಲಕ್ಕೆ ಹಾಕಿದ್ದ ದನದ ಗೊಬ್ಬರದಿಂದ ಬ್ಯಾಕ್ಟೀರಿಯಾ ಆ ಬಾವಿಗೆ ಇಳಿಯಿತು. ಅದರಲ್ಲಿ ಇ. ಕೋಲಿ ಒ157 ಅನ್ನುವ ಅಪಾಯಕಾರಿ ತಳಿ ಇತ್ತು, ಜೊತೆಗೆ ಕ್ಯಾಂಪಿಲೊಬ್ಯಾಕ್ಟರ್ ಅನ್ನುವ, ಭೇದಿ ತರುವ ಇನ್ನೊಂದು ಬ್ಯಾಕ್ಟೀರಿಯಾ. ಸುಮಾರು 2,300 ಜನ ಕಾಯಿಲೆ ಬಿದ್ದರು. 7 ಜನ ತೀರಿಕೊಂಡರು.

ನನ್ನನ್ನು ಕಾಡುವುದು ಮುಂದಿನ ಮಾತು. ಆ ಹೊಲದ ಯಜಮಾನ ಗೊಬ್ಬರವನ್ನು ಸರಿಯಾದ ಕ್ರಮದಲ್ಲೇ ಹಾಕಿದ್ದರು, ಅವರ ತಪ್ಪೇನಿಲ್ಲ ಎಂದೇ ತನಿಖೆ ಹೇಳಿತು. ಅಂದರೆ ಅಲ್ಲಿ ಸೋತಿದ್ದು ನಿಯಮ ಮತ್ತು ಮೇಲ್ವಿಚಾರಣೆ. ಬಾವಿಯ ಸುತ್ತ ಕಾಪು ವಲಯ, ಅಂದರೆ ಮಲ, ಗೊಬ್ಬರ ಬರದಂತೆ ಕಾಯುವ ಜಾಗ, ಸರಿಯಾಗಿ ಇರಲಿಲ್ಲ. ಕ್ಲೋರಿನ್ ಪ್ರಮಾಣವನ್ನು ನಿಜವಾಗಿ ಅಳೆಯದೆ ಪುಸ್ತಕದಲ್ಲಿ ಸುಳ್ಳು ಅಂಕಿ ಬರೆಯುತ್ತಿದ್ದರು. ಪ್ರಯೋಗಾಲಯ ಕೆಟ್ಟ ವರದಿಯನ್ನು ಮೇ 17ರಂದು ನೀರು ಸರಬರಾಜಿನವರಿಗೆ ಮಾತ್ರ ಕಳಿಸಿತು, ಆರೋಗ್ಯ ಇಲಾಖೆಗೆ ಕಳಿಸಲಿಲ್ಲ. ನೀರು ಕುದಿಸಿ ಕುಡಿಯಿರಿ ಅನ್ನುವ ಸೂಚನೆ ಜನರಿಗೆ ಸಿಕ್ಕಿದ್ದು 21ಕ್ಕೆ. ಈ ಮೂರು ತೂತುಗಳನ್ನು ನೆನಪಿಟ್ಟುಕೊಳ್ಳಿ. ನೀವು ಬರೆಯುವ ನಿಯಮ ಈ ಮೂರನ್ನೂ ಮುಚ್ಚಬೇಕು.

ಹಂತ 1: ಪೆನ್ನು ಹಿಡಿಯುವ ಮುಂಚೆ ನೀರಿನ ದಾರಿ ನಡೆಯಿರಿ

ಮೂಲದಿಂದ ನಲ್ಲಿಯವರೆಗೆ ನಡೆದು ನೋಡಿ. ಬಾವಿ ಅಥವಾ ಹೊಳೆ, ಪಂಪ್, ಟ್ಯಾಂಕ್, ಪೈಪು, ಕೊನೆಯ ಮನೆ. ಹಾಗೇ ಇನ್ನೊಂದು ದಾರಿಯನ್ನೂ ನಡೆಯಿರಿ: ಶೌಚಾಲಯದಿಂದ ಹೊರಟ ಮಲ ಎಲ್ಲಿ ಹೋಗಿ ಮುಟ್ಟುತ್ತದೆ? ಈ ಎರಡು ದಾರಿ ಎಲ್ಲೆಲ್ಲಿ ಹತ್ತಿರ ಬರುತ್ತವೋ ಅಲ್ಲೆಲ್ಲ ನಕ್ಷೆಯಲ್ಲಿ ಕೆಂಪು ಗುರುತು ಹಾಕಿ. ನಿಮ್ಮ ನಿಯಮಗಳು ಹುಟ್ಟುವುದು ಆ ಕೆಂಪು ಗುರುತುಗಳಿಂದ.

ಎರಡು ಸಲ ಹೋಗಬೇಕು. ಒಂದು ಸಲ ಮಳೆ ಇಲ್ಲದೆ ಮೂರು ದಿನ ಆದ ಮೇಲೆ. ಆಗ ಮಳೆನೀರಿನ ಚರಂಡಿ ಒಣಗಿರಬೇಕು. ಅದರ ಬಾಯಲ್ಲಿ ಸಣ್ಣಗೆ ನೀರು ಹರಿಯುತ್ತಿದ್ದರೆ ನಿಲ್ಲಿ, ಬಗ್ಗಿ ನೋಡಿ. ಬೂದು ಬಣ್ಣದ ಲೋಳೆ ಕಲ್ಲಿಗೆ ಅಂಟಿದೆಯಾ? ಸೋಪಿನ ನೊರೆ ಇದೆಯಾ? ಕೊಳೆತ ವಾಸನೆ ಇದೆಯಾ? ಹಾಗಿದ್ದರೆ ಯಾವುದೋ ಮನೆಯ ಕೊಳೆನೀರಿನ ಪೈಪು ಈ ಚರಂಡಿಗೆ ಸೇರಿರುವ ಸಾಧ್ಯತೆ ಜಾಸ್ತಿ. ಯಾವ ಮನೆ ಅಂತ ಹುಡುಕುವುದಕ್ಕೆ ಸುಲಭದ ದಾರಿ ಬಣ್ಣದ ಪರೀಕ್ಷೆ. ವಿಷವಿಲ್ಲದ ಬಣ್ಣವನ್ನು ಅನುಮಾನ ಇರುವ ಕಟ್ಟಡದ ಶೌಚಾಲಯಕ್ಕೆ ಹಾಕಿ ನೀರು ಬಿಡಿ. ಒಬ್ಬರು ಚರಂಡಿಯ ಬಾಯಲ್ಲಿ ಕಾಯಬೇಕು. ಬಣ್ಣ ಬಂತೋ, ವಾದಕ್ಕೆ ಜಾಗವೇ ಇಲ್ಲ.

ಇನ್ನೊಂದು ಸಲ ಜೋರು ಮಳೆ ನಿಂತ ಕೂಡಲೇ ಹೋಗಿ. ಬಾವಿಕಟ್ಟೆಯ ಸುತ್ತ ನೀರು ನಿಂತಿದೆಯಾ, ತಿಪ್ಪೆಯ ಕಂದು ನೀರು ಯಾವ ಕಡೆ ಇಳಿಯುತ್ತಿದೆ, ಯಾವ ಮ್ಯಾನ್‌ಹೋಲ್ ಉಕ್ಕುತ್ತಿದೆ, ಎಲ್ಲ ಆಗ ಮಾತ್ರ ಕಾಣುತ್ತದೆ.

ಹಂತ 2: ಈಗ ನೀರು ಹೇಗಿದೆ ಅಂತ ಅಳೆಯಿರಿ

ರೋಗ ತರುವ ಬ್ಯಾಕ್ಟೀರಿಯಾಗಳನ್ನು ಒಂದೊಂದಾಗಿ ಹುಡುಕುತ್ತಾ ಹೋಗುವುದು ಕಷ್ಟ, ಖರ್ಚಿನದು. ಅದಕ್ಕೇ ಇ. ಕೋಲಿಯನ್ನು ಗುರುತಾಗಿ ಇಟ್ಟುಕೊಳ್ಳುತ್ತಾರೆ. ಇದು ಮನುಷ್ಯರ, ಬೆಚ್ಚನೆ ರಕ್ತದ ಪ್ರಾಣಿಗಳ ಕರುಳಲ್ಲಿ ಇರುವಂಥದ್ದು. ನೀರಿನಲ್ಲಿ ಸಿಕ್ಕಿತು ಅಂದರೆ ಹತ್ತಿರದಲ್ಲಿ ಎಲ್ಲೋ ಮಲ ಸೇರಿದೆ ಎಂದೇ ಅರ್ಥ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾತು ಸರಳ: 100 ಮಿಲಿಲೀಟರ್ ನೀರಿನಲ್ಲಿ ಒಂದೂ ಸಿಗಬಾರದು. ಈಜುವ, ಸ್ನಾನ ಮಾಡುವ ನೀರಿಗೆ ಬೇರೆ ಲೆಕ್ಕ. ಉದಾಹರಣೆಗೆ ಅಮೆರಿಕದ 2012ರ ಶಿಫಾರಸಿನಲ್ಲಿ ಒಂದು ಮಟ್ಟ 100 ಮಿಲಿಲೀಟರಿಗೆ ಸರಾಸರಿ 126. ನಿಯಮದಲ್ಲಿ ಯಾವ ನೀರು ಯಾವ ಕೆಲಸಕ್ಕೆ ಅಂತ ಮೊದಲೇ ಹೆಸರಿಸಿ, ಆಮೇಲೆ ಅಂಕಿ ಬರೆಯಿರಿ.

ಮಾದರಿ ತೆಗೆಯುವುದನ್ನೂ ನಿಯಮದಲ್ಲೇ ಬಿಡಿಸಿ ಬರೆಯಬೇಕು. ಸುಮ್ನೆ "ಪರೀಕ್ಷೆ ಮಾಡಿಸಬೇಕು" ಅಂತ ಬಿಟ್ಟರೆ ಯಾರೋ ಹಳೆ ಬಾಟಲಿ ತೊಳೆದು ನೀರು ತುಂಬಿಕೊಂಡು ಬರುತ್ತಾರೆ. ಸರಿಯಾದ ಕ್ರಮ ಹೀಗೆ. ನಲ್ಲಿಗೆ ಸಿಕ್ಕಿಸಿದ ಪೈಪು, ಜಾಲರಿ ತೆಗೆಯಿರಿ. ಬಾಯಿಯನ್ನು ಬೆಂಕಿಯಿಂದ ಅಥವಾ ಕ್ಲೋರಿನ್ ದ್ರಾವಣದಿಂದ ಶುದ್ಧ ಮಾಡಿ. ಎರಡು ಮೂರು ನಿಮಿಷ ನೀರು ಹರಿಯಲು ಬಿಡಿ. ಪ್ರಯೋಗಾಲಯ ಕೊಟ್ಟ ಶುದ್ಧ ಬಾಟಲಿಯ ಮುಚ್ಚಳ ಆಗ ಮಾತ್ರ ತೆರೆಯಿರಿ. ಮುಚ್ಚಳವನ್ನು ಕೆಳಗಿಡಬೇಡಿ, ಕೈಯಲ್ಲೇ ಇರಲಿ, ಒಳಭಾಗ ಮುಟ್ಟಬೇಡಿ. ಬಾಟಲಿಯಲ್ಲಿ ಸ್ವಲ್ಪ ಪುಡಿ ಕಂಡರೆ ತೊಳೆದುಬಿಡಬೇಡಿ. ಅದು ಥಯೋಸಲ್ಫೇಟ್, ನೀರಿನ ಕ್ಲೋರಿನ್ ದಾರಿಯಲ್ಲೂ ಬ್ಯಾಕ್ಟೀರಿಯಾ ಕೊಲ್ಲುತ್ತಾ ಹೋಗದ ಹಾಗೆ ತಡೆಯಲು ಹಾಕಿರುತ್ತಾರೆ. ತುಂಬಿದ ಮೇಲೆ ಮೇಲ್ಗಡೆ ಸ್ವಲ್ಪ ಜಾಗ ಬಿಟ್ಟು ಮುಚ್ಚಿ, ಐಸ್ ಇಟ್ಟ ಪೆಟ್ಟಿಗೆಯಲ್ಲಿ ಹಾಕಿ. ಪರೀಕ್ಷೆ ಅದೇ ದಿನ ಶುರುವಾದರೆ ಒಳ್ಳೆಯದು, 24 ಗಂಟೆ ಅಂತೂ ಮೀರಬಾರದು.

ಎಷ್ಟು ಸಲ? ಪೈಪಿನ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಲೆಕ್ಕ: 5,000ಕ್ಕಿಂತ ಕಡಿಮೆ ಜನ ಇದ್ದರೆ ವರ್ಷಕ್ಕೆ 12 ಮಾದರಿ. ಅದರಾಚೆ 1,00,000 ಜನರವರೆಗೆ, ಪ್ರತಿ 5,000 ಜನರಿಗೆ 12ರ ಹಾಗೆ. ಇದಕ್ಕೆ ನನ್ನದೊಂದು ಸೇರ್ಪಡೆ: ಜೋರು ಮಳೆಯ ಮರುದಿನ ಒಂದು ಮಾದರಿ ಕಡ್ಡಾಯ ಮಾಡಿ. ಮತ್ತು ಯಾವಾಗಲೂ ಟ್ಯಾಂಕಿನ ಪಕ್ಕದ ನಲ್ಲಿಯಿಂದಲೇ ತೆಗೆಯಬಾರದು, ಪೈಪಿನ ತುದಿಯ ಮನೆಯೂ ಪಟ್ಟಿಯಲ್ಲಿರಲಿ.

ಹಂತ 3: ದೂರದ ನಿಯಮ

ಇದು ಎಲ್ಲಕ್ಕಿಂತ ಮುಖ್ಯ. ಮಣ್ಣು ಒಳ್ಳೆಯ ಸೋಸುಬಟ್ಟೆ, ಬ್ಯಾಕ್ಟೀರಿಯಾ ಅದರೊಳಗೆ ನಿಧಾನವಾಗಿ ಸೋಸಿಹೋಗುತ್ತವೆ, ಸಾಯುತ್ತವೆ. ಆದರೆ ಅದಕ್ಕೆ ದೂರ ಬೇಕು, ಸಮಯ ಬೇಕು. ಶೌಚಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ 30 ಮೀಟರ್ ಅನ್ನುವುದು ಬಹಳ ಕಡೆ ಬಳಕೆಯಲ್ಲಿರುವ ಅಂತರ. ಗುಂಡಿಯ ತಳ ಅಂತರ್ಜಲದ ಮಟ್ಟಕ್ಕಿಂತ ಕನಿಷ್ಠ 1.5ರಿಂದ 2 ಮೀಟರ್ ಮೇಲಿರಬೇಕು. ಆ ಮಟ್ಟವನ್ನು ಮಳೆಗಾಲದಲ್ಲೇ ಅಳೆಯಬೇಕು, ಬೇಸಿಗೆಯ ಅಳತೆ ಮೋಸ ಮಾಡುತ್ತದೆ.

30 ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ನೆಲದಡಿ ಬಿರುಕು ಬಿಟ್ಟ ಬಂಡೆ ಇದ್ದರೆ ಅಲ್ಲಿ ಸೋಸುವುದೇ ಇಲ್ಲ, ನೀರು ಪೈಪಿನಲ್ಲಿ ಹರಿದಂತೆ ಹರಿಯುತ್ತದೆ. ವಾಕರ್ಟನ್ನಿನಲ್ಲಿ ಇದ್ದದ್ದೂ ಅಂಥ ಬಂಡೆಯೇ. ಅದಕ್ಕೇ ಜರ್ಮನಿಯಲ್ಲಿ ಕಾಪು ವಲಯವನ್ನು ದಿನಗಳಲ್ಲಿ ಎಣಿಸುತ್ತಾರೆ: ನೆಲದಡಿಯ ನೀರು ಬಾವಿ ತಲುಪಲು 50 ದಿನ ಹಿಡಿಯುವಷ್ಟು ದೂರದವರೆಗೆ ಕಟ್ಟುನಿಟ್ಟಿನ ವಲಯ. ನಿಮಗೆ ಭೂಗರ್ಭ ತಜ್ಞರು ಸಿಕ್ಕರೆ ಇದನ್ನೇ ಲೆಕ್ಕ ಹಾಕಿಸಿ. ಸಿಗದಿದ್ದರೆ ಬಂಡೆ ಇರುವ ಕಡೆ, ಬಾವಿಗಿಂತ ಎತ್ತರದ ಇಳಿಜಾರಿನ ಕಡೆ ಅಂತರ ಹೆಚ್ಚಿಸಿ.

ನಿಯಮದ ಭಾಷೆ ಹೀಗಿರಬಹುದು: "ಕುಡಿಯುವ ನೀರಿನ ಬಾವಿಯ ಹೊರಗೋಡೆಯಿಂದ 30 ಮೀಟರ್ ಒಳಗೆ ಶೌಚಗುಂಡಿ, ಇಂಗುಗುಂಡಿ, ತಿಪ್ಪೆ, ದನದ ಕೊಟ್ಟಿಗೆ ಹೊಸದಾಗಿ ಮಾಡುವಂತಿಲ್ಲ. ಈಗಾಗಲೇ ಇರುವವನ್ನು ಜಾಗದ ಯಜಮಾನರು 12 ತಿಂಗಳೊಳಗೆ ಸ್ಥಳಾಂತರಿಸಬೇಕು, ಅಥವಾ ಸೋರದ ಟ್ಯಾಂಕಿಗೆ ಬದಲಿಸಬೇಕು. ನೀರು ಸಮಿತಿ ವರ್ಷಕ್ಕೆ ಎರಡು ಸಲ, ಒಮ್ಮೆ ಮಳೆಗಾಲದಲ್ಲಿ, ಟೇಪು ಹಿಡಿದು ಅಳೆದು ದಾಖಲಿಸಬೇಕು." ಎಲ್ಲಿಂದ ಅಳೆಯುವುದು ಅಂತ ಬರೆದಿರುವುದನ್ನು ಗಮನಿಸಿದಿರಿ ಅಲ್ವಾ? ಜಗಳ ಶುರುವಾಗುವುದೇ ಅಲ್ಲಿಂದ.

ಬಾವಿಗೂ ಅದರದೇ ನಿಯಮ ಬೇಕು. ಕೊಳವೆಬಾವಿಯ ಕೇಸಿಂಗ್ ಪೈಪು ನೆಲಕ್ಕಿಂತ ಕನಿಷ್ಠ 30 ಸೆಂಟಿಮೀಟರ್ ಮೇಲಿರಲಿ, ಬಾಯಿ ಮುಚ್ಚಿರಲಿ. ಸುತ್ತಲಿನ ಕಾಂಕ್ರೀಟ್ ಕಟ್ಟೆ ಹೊರಕ್ಕೆ ಇಳಿಜಾರಾಗಿರಲಿ, ಬಿರುಕು ಕಂಡ ವಾರದೊಳಗೆ ಮುಚ್ಚಲಿ. ಬಳಕೆ ನಿಂತ ಬಾವಿಯನ್ನು ಕಸದ ಗುಂಡಿ ಮಾಡದೆ ಸರಿಯಾಗಿ ತುಂಬಿ ಮುಚ್ಚಬೇಕು. ಅದು ಅಂತರ್ಜಲಕ್ಕೆ ನೇರ ಬಾಗಿಲು.

ಹಂತ 4: ಸೆಪ್ಟಿಕ್ ಟ್ಯಾಂಕ್, ಚರಂಡಿ

ಸೆಪ್ಟಿಕ್ ಟ್ಯಾಂಕ್ ತುಂಬಿ ಉಕ್ಕುವವರೆಗೆ ಅದರ ನೆನಪೇ ಯಾರಿಗೂ ಬರುವುದಿಲ್ಲ. ತಳದ ಕೆಸರು ಮತ್ತು ಮೇಲಿನ ಕೆನೆ ಸೇರಿ ಮೂರನೇ ಒಂದು ಭಾಗ ಆದಾಗಲೇ ಖಾಲಿ ಮಾಡಿಸಬೇಕು. ಮನೆಗಳಿಗೆ ಸಾಮಾನ್ಯವಾಗಿ ಇದು ಮೂರರಿಂದ ಐದು ವರ್ಷ. ಪ್ರತಿ ಟ್ಯಾಂಕನ್ನೂ ನೋಂದಣಿ ಮಾಡಿ, ಕೊನೆಯ ಸಲ ಯಾವಾಗ ಖಾಲಿ ಮಾಡಿದ್ದು ಅಂತ ಬರೆದಿಡಿ, ಅವಧಿ ಮುಗಿಯುವ ಮುಂಚೆ ಮನೆಯವರಿಗೆ ನೆನಪಿಸಿ.

ಆದರೆ ಖಾಲಿ ಮಾಡಿದ್ದು ಎಲ್ಲಿಗೆ ಹೋಯಿತು? ಟ್ಯಾಂಕರ್ ರಾತ್ರಿ ಹೊತ್ತು ಹಳ್ಳಕ್ಕೆ ಬಿಟ್ಟರೆ, ಒಂದು ಮನೆಯ ತೊಂದರೆ ಇಡೀ ಊರಿನದಾಯಿತು. ಅದಕ್ಕೆ ಮೂರು ಪ್ರತಿಯ ಚೀಟಿ ಪದ್ಧತಿ ಇರಲಿ: ಮನೆಯವರ ಸಹಿ, ಚಾಲಕರ ಸಹಿ, ಶುದ್ಧೀಕರಣ ಘಟಕದ ಸಹಿ. ಮೂರನೆಯ ಸಹಿ ಇಲ್ಲದ ಚೀಟಿಗೆ ಹಣ ಕೊಡಬಾರದು. ಇದೊಂದು ಸಾಲು ಹತ್ತು ದಂಡದ ಸಾಲುಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನುವುದು ನನ್ನ ನಂಬಿಕೆ. ಗುಂಡಿಯೊಳಗೆ ಮನುಷ್ಯರನ್ನು ಇಳಿಸುವಂತಿಲ್ಲ ಅಂತಲೂ ಅದೇ ಪುಟದಲ್ಲಿ ಬರೆಯಿರಿ. ಒಳಗಿನ ಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ.

ಮಳೆನೀರಿನ ಚರಂಡಿಗೆ ಕೊಳೆನೀರು ಜೋಡಿಸುವುದನ್ನು ನಿಷೇಧಿಸಿ, ಜೊತೆಗೆ ತಪ್ಪು ಜೋಡಣೆ ತಾವೇ ಬಂದು ಹೇಳಿಕೊಂಡವರಿಗೆ ದಂಡ ಇಲ್ಲದೆ ಸರಿಪಡಿಸಿಕೊಳ್ಳಲು ಆರು ತಿಂಗಳು ಕೊಡಿ. ಬಹಳ ಜನಕ್ಕೆ ತಮ್ಮ ಪೈಪು ಎಲ್ಲಿಗೆ ಹೋಗುತ್ತದೆ ಅಂತಲೇ ಗೊತ್ತಿರುವುದಿಲ್ಲ.

ಹಂತ 5: ದನ, ಗೊಬ್ಬರ, ನಾಯಿ

ದನ ಹೊಳೆಗೆ ಇಳಿದು ನೀರು ಕುಡಿಯುವಾಗ ಅಲ್ಲೇ ಸಗಣಿ ಹಾಕುತ್ತವೆ. ಬೇಲಿ ಹಾಕಿ ಅಂತ ಹೇಳುವ ಮುಂಚೆ ದಂಡೆಯಿಂದ ದೂರದಲ್ಲಿ ನೀರಿನ ತೊಟ್ಟಿ ಕಟ್ಟಿಸಿಕೊಡಿ. ದನ ಸಾಕುವವರಿಗೆ ನೀರು ಬೇಕೇ ಬೇಕು, ಬದಲಿ ದಾರಿ ಕೊಡದ ನಿಯಮವನ್ನು ಅವರು ಪಾಲಿಸಲಾರರು. ದಂಡೆಯ ಉದ್ದಕ್ಕೂ ಹುಲ್ಲು, ಗಿಡಗಂಟಿಯ ಪಟ್ಟಿ ಬೆಳೆಯಲು ಬಿಡಿ. ಅಗಲ 10 ಮೀಟರಿನಿಂದ ಶುರು ಮಾಡಿ, ಇಳಿಜಾರು ಇದ್ದಲ್ಲಿ ಹೆಚ್ಚಿಸಿ.

ಹಸಿ ಗೊಬ್ಬರವನ್ನು ಮಳೆಯ ಮುನ್ಸೂಚನೆ ಇರುವಾಗ, ನೆಲ ನೆನೆದಿರುವಾಗ ಹೊಲಕ್ಕೆ ಹಾಕುವಂತಿಲ್ಲ. ಕಾಂಪೋಸ್ಟ್ ಮಾಡಿದರೆ ಬ್ಯಾಕ್ಟೀರಿಯಾ ಬಹುಪಾಲು ಸಾಯುತ್ತವೆ, ಆದರೆ ರಾಶಿ ಬಿಸಿಯಾಗಬೇಕು. ಉದ್ದ ಸಾಲಿನ ರಾಶಿಗೆ ಒಂದು ಒಪ್ಪಿತ ಅಳತೆ: 15 ದಿನ 55 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಜಾಸ್ತಿ, ಆ ಅವಧಿಯಲ್ಲಿ ಕನಿಷ್ಠ 5 ಸಲ ಮಗುಚಬೇಕು. ಉದ್ದ ಕಡ್ಡಿಯ ಥರ್ಮಾಮೀಟರ್ ಒಂದು ಇದ್ದರೆ ಸಾಕು. ಸಾಕುನಾಯಿಯ ಮಲವನ್ನು ಒಡೆಯರೇ ಎತ್ತಬೇಕು, ಚರಂಡಿಗೆ ತಳ್ಳಬಾರದು. ಇಷ್ಟಕ್ಕೆ ಒಂದೇ ಸಾಲು ಸಾಕು.

ಹಂತ 6: ಪೈಪು, ಟ್ಯಾಂಕು, ಕ್ಲೋರಿನ್

ಒಂದು ಬಕೆಟ್ಟಿನಲ್ಲಿ ಕೊಳೆ ನೀರಿದೆ, ಅದರೊಳಗೆ ನಲ್ಲಿಯ ರಬ್ಬರ್ ಪೈಪಿನ ತುದಿ ಮುಳುಗಿದೆ. ನಲ್ಲಿ ತೆರೆದೇ ಇದೆ. ಅಷ್ಟರಲ್ಲಿ ಸರಬರಾಜು ನಿಂತಿತು, ಮುಖ್ಯ ಪೈಪಿನಲ್ಲಿ ಒತ್ತಡ ಇಳಿಯಿತು. ಬಕೆಟ್ಟಿನ ನೀರಿನ ಮಟ್ಟ ಮೆಲ್ಲಗೆ ಕಡಿಮೆಯಾಗುತ್ತದೆ. ಕೊಳೆ ವಾಪಸ್ ಪೈಪಿಗೆ ಹೋಯಿತು, ನಾಳೆ ಪಕ್ಕದ ಮನೆಯ ಲೋಟಕ್ಕೆ ಬರುತ್ತದೆ. ನೀರು ಬಿಟ್ಟು ಬಿಟ್ಟು ಬರುವ ಊರುಗಳಲ್ಲಿ ಇದು ದೊಡ್ಡ ಅಪಾಯ. ನಿಯಮ: ಟ್ಯಾಂಕು ತುಂಬಿಸುವ ಪೈಪಿನ ಬಾಯಿ, ಟ್ಯಾಂಕಿನ ಅತಿ ಎತ್ತರದ ನೀರಿನ ಮಟ್ಟಕ್ಕಿಂತ ಪೈಪಿನ ವ್ಯಾಸದ ಎರಡರಷ್ಟು, ಕನಿಷ್ಠ 25 ಮಿಲಿಮೀಟರ್, ಮೇಲಿರಬೇಕು. ಅದು ಆಗದ ಕಡೆ ಹಿಮ್ಮುಖ ಹರಿವು ತಡೆಯುವ ವಾಲ್ವ್ ಹಾಕಬೇಕು. ಮುಖ್ಯ ಪೈಪಿಗೆ ನೇರವಾಗಿ ಪಂಪ್ ಜೋಡಿಸಿ ನೀರು ಎಳೆಯುವಂತಿಲ್ಲ. ಹಾಗೆ ಎಳೆದರೆ ಪೈಪಿನ ಸಣ್ಣ ತೂತುಗಳಿಂದ ಪಕ್ಕದ ಚರಂಡಿಯ ನೀರೂ ಒಳಗೆ ಬರುತ್ತದೆ. ಹೊಸ ನೀರಿನ ಪೈಪು ಒಳಚರಂಡಿ ಪೈಪಿನಿಂದ 3 ಮೀಟರ್ ದೂರ ಇರಲಿ, ಅಡ್ಡ ಹಾಯುವ ಕಡೆ ನೀರಿನ ಪೈಪೇ ಮೇಲಿರಲಿ.

ಕ್ಲೋರಿನ್‌ಗೆ ಮೂರು ಅಂಕಿ ನೆನಪಿರಲಿ. ಹಾಕಿದ ಮೇಲೆ ಕನಿಷ್ಠ 30 ನಿಮಿಷ ಬಿಡಬೇಕು. ಆಗ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು. ಕೊನೆಯ ಮನೆಯ ನಲ್ಲಿಯಲ್ಲಿ 0.2 ಆದರೂ ಸಿಗಬೇಕು. ನೀರು ಕದಡಿದ್ದರೆ ಈ ಲೆಕ್ಕ ಕೆಡುತ್ತದೆ. ಕೆಸರಿನ ಕಣ ಕ್ಲೋರಿನ್ ತಿಂದುಹಾಕುತ್ತದೆ, ಬ್ಯಾಕ್ಟೀರಿಯಾಕ್ಕೆ ಅಡಗುತಾಣವೂ ಆಗುತ್ತದೆ. ಮೊದಲು ಸೋಸಿ, ಆಮೇಲೆ ಕ್ಲೋರಿನ್. ಬ್ಲೀಚಿಂಗ್ ಪೌಡರ್ ಬಳಸುವವರು ಅದರ ಬಲ ನೋಡಬೇಕು. ಶೇ. 25 ಕ್ಲೋರಿನ್ ಇರುವ ಪುಡಿಯಾದರೆ, 1,000 ಲೀಟರಿಗೆ 2 ಗ್ರಾಂ ಕ್ಲೋರಿನ್ ಸೇರಿಸಲು 8 ಗ್ರಾಂ ಪುಡಿ ಬೇಕು. ಬಾಯಿ ತೆರೆದಿಟ್ಟ ಚೀಲದ ಪುಡಿ ದಿನದಿಂದ ದಿನಕ್ಕೆ ಬಲ ಕಳೆದುಕೊಳ್ಳುತ್ತದೆ.

ಅಳೆಯುವುದು ನಿಮಿಷದ ಕೆಲಸ. ಡಿಪಿಡಿ ಅನ್ನುವ, ಕ್ಲೋರಿನ್ ಪತ್ತೆಹಚ್ಚುವ ಮಾತ್ರೆ ಹಾಕಿದ ಪುಟ್ಟ ಕೊಳವೆಯಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸಿ ಅಂಕಿ ಓದಬೇಕು. ಬಣ್ಣವೇ ಬರದಿದ್ದರೆ ಕ್ಲೋರಿನ್ ಇಲ್ಲ. ನೀರುಗಂಟಿ ದಿನಾ ಅಳೆದು ಬರೆಯಲಿ. ಆದರೆ ವಾಕರ್ಟನ್ನಿನ ಸುಳ್ಳು ಅಂಕಿಗಳನ್ನು ಮರೆಯಬೇಡಿ. ವಾರಕ್ಕೊಮ್ಮೆ ಬೇರೆ ಒಬ್ಬರು, ಮುಂಚೆ ಹೇಳದೆ, ಬೇರೆ ನಲ್ಲಿಯಲ್ಲಿ ಅಳೆಯಬೇಕು. ಎರಡೂ ಅಂಕಿಯನ್ನು ಜನ ಓದುವ ಫಲಕದ ಮೇಲೆ ಹಾಕಬೇಕು. ಇದು ನೀರುಗಂಟಿಯ ಮೇಲಿನ ಅನುಮಾನ ಅಲ್ಲ ಅಂತ ಅವರಿಗೆ ಮೊದಲೇ ಕೂರಿಸಿ ಹೇಳಿ.

ದೊಡ್ಡ ಕಟ್ಟಡಗಳಿದ್ದರೆ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾಕ್ಕೂ ಒಂದು ಪುಟ ಇಡಿ. ಇದು ಮಲದಿಂದ ಬರುವುದಲ್ಲ. ನಿಂತ ಉಗುರುಬೆಚ್ಚಗಿನ ನೀರಿನಲ್ಲಿ ಬೆಳೆದು ನೀರಿನ ತುಂತುರಿನ ಮೂಲಕ ಶ್ವಾಸಕೋಶ ಸೇರುತ್ತದೆ. ಬಿಸಿನೀರಿನ ಟ್ಯಾಂಕು 60 ಡಿಗ್ರಿಯಲ್ಲಿರಲಿ. 2015ರಲ್ಲಿ ಈ ರೋಗ ಹರಡಿದ ಮೇಲೆ ನ್ಯೂಯಾರ್ಕ್ ನಗರ ಮಾಡಿದ ಸ್ಥಳೀಯ ಕಾನೂನು, ಕಟ್ಟಡಗಳ ಕೂಲಿಂಗ್ ಟವರ್‌ಗಳ (ಹವಾನಿಯಂತ್ರಣದ ನೀರು ತಣಿಸುವ ಗೋಪುರಗಳ) ನೋಂದಣಿ, ತಪಾಸಣೆ ಕಡ್ಡಾಯ ಮಾಡಿತು. ನಗರದವರು ಅದರ ರಚನೆ ನೋಡಬಹುದು.

ಹಂತ 7: ಬರೆದದ್ದನ್ನು ನಿಯಮವಾಗಿಸುವುದು

ನಿಮ್ಮ ರಾಜ್ಯದ, ದೇಶದ ಕಾನೂನು ನಿಮಗೆ ಯಾವ ಅಧಿಕಾರ ಕೊಟ್ಟಿದೆ ಅಂತ ವಕೀಲರ ಬಳಿ ಮೊದಲೇ ನೋಡಿಸಿ. ಆ ಕಾನೂನು ಹೇಳಿದ ಮಟ್ಟವನ್ನು ನೀವು ಸಡಿಲ ಮಾಡುವಂತಿಲ್ಲ. ಇನ್ನಷ್ಟು ಬಿಗಿ ಮಾಡಬಹುದೇ, ಖಾಸಗಿ ಜಾಗಕ್ಕೆ ತಪಾಸಣೆಗೆ ಹೋಗಲು ಎಷ್ಟು ದಿನ ಮುಂಚೆ ತಿಳಿಸಬೇಕು, ಇವೆರಡನ್ನೂ ಕೇಳಿ. ಆಮೇಲೆ ಕರಡನ್ನು ಸಭೆಯಲ್ಲಿ ಜೋರಾಗಿ ಓದಿ. ದನ ಸಾಕುವವರು, ಟ್ಯಾಂಕರ್ ಚಾಲಕರು, ಬಾಡಿಗೆ ಮನೆಯವರು ಅಲ್ಲಿರಬೇಕು. ಅವರು "ಇದು ಆಗಲ್ಲ" ಅಂದ ಕಡೆ ಯಾಕೆ ಅಂತ ಕೇಳಿ. ಬಾಡಿಗೆ ಮನೆಯ ಟ್ಯಾಂಕ್ ಉಕ್ಕಿದರೆ ಹೊಣೆ ಮಾಲೀಕರದು ಎಂದು ಸ್ಪಷ್ಟವಾಗಿ ಬರೆಯಿರಿ, ಇಲ್ಲವಾದರೆ ಅದು ಬಾಡಿಗೆದಾರರ ತಲೆಗೆ ಬೀಳುತ್ತದೆ.

ದಂಡ ಮೆಟ್ಟಿಲು ಮೆಟ್ಟಿಲಾಗಿರಲಿ: ಮೊದಲು ಲಿಖಿತ ಸೂಚನೆ ಮತ್ತು ಗಡುವು, ಆಮೇಲೆ ದಂಡ, ಆಮೇಲೂ ಆಗದಿದ್ದರೆ ಸಂಸ್ಥೆಯೇ ಸರಿಪಡಿಸಿ ಖರ್ಚು ವಸೂಲಿ. ಗೊತ್ತಿದ್ದೂ ಮಲವನ್ನು ನೀರಿಗೆ ಸುರಿದವರಿಗೆ ಮಾತ್ರ ಮೊದಲ ಸಲಕ್ಕೇ ದಂಡ. ಕೈಲಾಗದ ಬಡ ಮನೆಗೆ ಟ್ಯಾಂಕ್ ಸರಿಪಡಿಸಲು ನೆರವು ಇಡಿ. ದಂಡ ಹಾಕಿದ ಮಾತ್ರಕ್ಕೆ ಸೋರುವುದು ನಿಲ್ಲುವುದಿಲ್ಲ.

ಹಂತ 8: ಕೆಟ್ಟ ವರದಿ ಬಂದ ದಿನ

ಈ ಪುಟವನ್ನು ಶಾಂತವಾಗಿರುವಾಗಲೇ ಬರೆದಿಡಿ. ಮೊದಲ ಸಾಲು: ಮಾದರಿಯಲ್ಲಿ ಇ. ಕೋಲಿ ಸಿಕ್ಕರೆ ಪ್ರಯೋಗಾಲಯ ಅದೇ ಗಳಿಗೆ ನೀರು ಸರಬರಾಜಿನವರಿಗೂ ಆರೋಗ್ಯ ಅಧಿಕಾರಿಗೂ ನೇರವಾಗಿ ಫೋನ್ ಮಾಡಬೇಕು. ಪ್ರಯೋಗಾಲಯದ ಜೊತೆಗಿನ ಒಪ್ಪಂದದಲ್ಲೇ ಇದನ್ನು ಸೇರಿಸಿ. ಎರಡನೆಯದು: ಕುದಿಸಿ ಕುಡಿಯುವ ಸೂಚನೆ ಕೊಡುವ ಅಧಿಕಾರ ಯಾರಿಗೆ, ಅವರು ಸಿಗದಿದ್ದರೆ ಯಾರಿಗೆ, ರಾತ್ರಿ ಯಾರಿಗೆ. ಸಭೆ ಕರೆಯುವವರೆಗೆ ಕಾಯುವಂತಿಲ್ಲ. ಮೂರನೆಯದು: ಜನರಿಗೆ ಹೇಳುವ ಮಾತು. ನೀರು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ. 2,000 ಮೀಟರಿಗಿಂತ ಎತ್ತರದ ಊರಾದರೆ ಮೂರು ನಿಮಿಷ. ಕುಡಿಯಲು, ಹಲ್ಲುಜ್ಜಲು, ಹಸಿಯಾಗಿ ತಿನ್ನುವುದನ್ನು ತೊಳೆಯಲು, ಮಗುವಿನ ಹಾಲು ಕಲಸಲು, ಐಸ್ ಮಾಡಲು, ಎಲ್ಲಕ್ಕೂ ಅದೇ ನೀರು. ಓದಲು ಬಾರದವರಿಗೆ, ಹಾಸಿಗೆ ಹಿಡಿದವರಿಗೆ ಮನೆ ಬಾಗಿಲಿಗೆ ಹೋಗಿ ಹೇಳುವವರ ಹೆಸರು ಬೀದಿ ಬೀದಿಗೆ ಮೊದಲೇ ಗೊತ್ತು ಮಾಡಿರಿ.

ಅದೇ ದಿನ ಕೆಟ್ಟ ಮಾದರಿ ಸಿಕ್ಕ ನಲ್ಲಿ, ಅದರ ಹಿಂದಿನ ಮತ್ತು ಮುಂದಿನ ನಲ್ಲಿ, ಮೂಲ, ನಾಲ್ಕು ಕಡೆಯಿಂದ ಮತ್ತೆ ನೀರು ತೆಗೆಯಿರಿ. ಕ್ಲೋರಿನ್ ಅಳೆಯಿರಿ. ಹಂತ 1ರ ಕೆಂಪು ಗುರುತಿನ ನಕ್ಷೆ ಹಿಡಿದು ಮತ್ತೊಮ್ಮೆ ನಡೆಯಿರಿ. ಒಂದು ಮಾದರಿ ಚೆನ್ನಾಗಿ ಬಂತು ಅಂತ ಸೂಚನೆ ಹಿಂದಕ್ಕೆ ತೆಗೆಯಬೇಡಿ. ಕಾರಣ ಸಿಕ್ಕಿ ಸರಿಯಾಗಿರಬೇಕು, 24 ಗಂಟೆ ಅಂತರದಲ್ಲಿ ತೆಗೆದ ಎರಡು ಸುತ್ತಿನ ಮಾದರಿಗಳೂ ಶುದ್ಧವಾಗಿರಬೇಕು. ಆಮೇಲೆ ಎಲ್ಲರ ಮನೆಯಲ್ಲೂ ನಲ್ಲಿ ಕೆಲವು ನಿಮಿಷ ಬಿಟ್ಟು ಹಳೆ ನೀರು ಹೊರಹಾಕಲು ಹೇಳಿ, ಟ್ಯಾಂಕು ತೊಳೆಸಿ, ಯಾವ ನಿಯಮ ಎಲ್ಲಿ ತಪ್ಪಿತು ಅಂತ ಬರೆದು ಕರಡಿನ ಆ ಸಾಲನ್ನು ತಿದ್ದಿ.